ಹಟ ಮಾಡದ ಗಾಡಿ

ಉತ್ತರ ಧ್ರುವದ ಹಿಮನಾಡಿನ ಇನ್ಯೂಟ್ ಬೇಟೆಗಾರ ತುಲುಗಾಕ್ ಹಿಮದ ಗೂಡು ಬಿಟ್ಟು ಹಲಗೆಯ ಮನೆಗೆ ಬಂದ ಮೇಲೆ, ಎಷ್ಟೋ ಚಳಿಗಾಲ ಅವನ ಜಾರುಬಂಡಿ ಎಳೆದ ಮುದಿ ನಾಯಿಗೆ ಕಂಬದ ಸರಪಳಿಯೇ ಗತಿಯಾಯಿತು. ಪಕ್ಕದಲ್ಲಿ ಹಿಮದ ಮೇಲೆ ಓಡುವ ಹೊಸ ಮೋಟಾರು ಗಾಡಿ ನಿಂತಿತು.

"ಹೇಳಿದ ಮಾತನ್ನು ನೀನು ಕೇಳುತ್ತಿರಲಿಲ್ಲವಂತೆ," ಎಂದಿತು ಗಾಡಿ. "ನಾನು ಯಜಮಾನರು ತಿರುಗಿಸಿದತ್ತ ತಿರುಗುತ್ತೇನೆ. ಒಂದು ದಿನವೂ ಹಟ ಮಾಡಿಲ್ಲ."

"ನಾನು ಮಾಡಿದ್ದೇನೆ," ಎಂದಿತು ನಾಯಿ. "ಕಾಲಡಿಯ ಮಂಜುಗಡ್ಡೆ ತೆಳುವಾಗಿದೆ ಎಂದು ತಿಳಿದಾಗ ಅಲ್ಲೇ ಮಲಗಿಬಿಟ್ಟೆ. ಚಾಟಿಯಲ್ಲಿ ಬಾರಿಸಿದರು. ಮುಂದೆ ಗಡ್ಡೆ ಬಿರಿದದ್ದು ಕಂಡ ಮೇಲೆ ನನ್ನ ಕತ್ತು ತಬ್ಬಿಕೊಂಡು ಅತ್ತರು."

"ಏಟು ತಿಂದು ಸೇವೆ ಮಾಡುವ ಕರ್ಮ ನನಗೆ ಬೇಡಪ್ಪ," ಎಂದಿತು ಗಾಡಿ.

ಚಳಿ ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ತುಲುಗಾಕ್ ಸೀಲ್ ಪ್ರಾಣಿಯ ಬೇಟೆಗೆಂದು ಗಾಡಿಯನ್ನು ಹೆಪ್ಪುಗಟ್ಟಿದ ಕಡಲಿನತ್ತ ತಿರುಗಿಸಿದ. ಗಾಳಿಯಲ್ಲಿ ನೀರಿನ ವಾಸನೆ ಹಿಡಿದ ನಾಯಿ ಕತ್ತು ಹರಿಯುವಂತೆ ಸರಪಳಿ ಜಗ್ಗಿ ಬೊಗಳಿತು. ಮೋಟಾರಿನ ಸದ್ದಿನಲ್ಲಿ ಅದು ಅವನಿಗೆ ಕೇಳಿಸಲಿಲ್ಲ.

ಸಂಜೆಯಾದರೂ ಅವನು ಬಾರದಿದ್ದಾಗ ಮನೆಯವರು ನಾಯಿಯನ್ನು ಬಿಚ್ಚಿಕೊಂಡು ಹುಡುಕಲು ಹೊರಟರು. ಗಾಡಿಯ ಜಾಡು ಎಲ್ಲೂ ಅಳುಕದೆ ನೇರವಾಗಿ ಹೋಗಿತ್ತು. ಮಂಜುಗಡ್ಡೆ ಬಿರಿದಲ್ಲಿನ ಕಪ್ಪು ನೀರು ಕಣ್ಣಿಗೆ ಬೀಳುವ ಮೊದಲೇ ನಾಯಿ ಮಲಗಿಬಿಟ್ಟಿತು.

ಈ ಸಲ ಅದನ್ನು ಯಾರೂ ಹೊಡೆಯಲಿಲ್ಲ.