ಗಾಜಿನ ಕೆಳಗಿನ ಹುಳ

"ಗುರುಗಳೇ, ನನ್ನ ತಮ್ಮ ಹುಟ್ಟಾ ಮೊಂಡ. ನಾನು ಏನು ಕೇಳಿದರೂ ಬಾಯಿ ಬಿಡುವುದಿಲ್ಲ. ಇವನನ್ನು ತಿದ್ದುವುದು ಹೇಗೆ?" ಎಂದು ವಾಮನ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವಿದ್ವಾಂಸನಿದ್ದ. ಕಡಲ ಮರಳಿನಲ್ಲಿ ಬದುಕುವ, ಬರಿಗಣ್ಣಿಗೆ ಕಾಣದ ದುಂಡುಹುಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥ ಜಾತಿ ಎಂದು ವಿಂಗಡಿಸುವುದು ಅವನ ಕೆಲಸ. ಯಾರೂ ಕಾಣದ ಹುಳ ಸಿಕ್ಕರೆ ಅದರ ಲಕ್ಷಣ ಬರೆದು ಹೆಸರಿಡಬಹುದು. ತನ್ನ ಹೆಸರನ್ನೇ ಇಟ್ಟುಕೊಳ್ಳುವುದು ಮಾತ್ರ ಆ ವಿದ್ಯೆಯಲ್ಲಿ ನಾಚಿಕೆಗೇಡು. ಅವನಿಗೆ ಆ ಆಸೆ ಇರಲೂ ಇಲ್ಲ. ತನ್ನನ್ನು ಓದಿಸಲು ಜೀವ ತೇದ ತಾಯಿ ವನಜಾಕ್ಷಿಯ ಹೆಸರು ಒಂದು ಹುಳಕ್ಕಾದರೂ ನಿಲ್ಲಬೇಕು ಎಂಬುದೇ ಅವನ ಹಂಬಲ.

ತಾಯಿ ಹಾಸಿಗೆ ಹಿಡಿದಿದ್ದಾಗ ಅಂಥದೊಂದು ಹುಳ ಸಿಕ್ಕಿತು. ಗೊತ್ತಿದ್ದ ಒಂದು ಜಾತಿಯಂತೆಯೇ ಇತ್ತು, ಆದರೆ ಅದಕ್ಕಿಂತ ಬಹಳ ಅಗಲ. ಅವನು ಹಿಗ್ಗಿ ಹೀರೇಕಾಯಿಯಾದ. ಹೊಸ ಜಾತಿ ಎಂದು ಸಾರಿ ತಾಯಿಯ ಹೆಸರಿಟ್ಟ.

"ಹೋಗಿ ಹೋಗಿ ಹುಳಕ್ಕೆ ನನ್ನ ಹೆಸರಿಟ್ಟೆಯಾ ಮಗನೇ!" ಎಂದು ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಆ ಮಳೆಗಾಲದಲ್ಲೇ ತೀರಿಕೊಂಡಳು.

ವರ್ಷಗಳ ಮೇಲೆ, ಆ ಹುಳ ಸಿಕ್ಕಿದ್ದ ಕಡಲದಂಡೆಯ ಮರಳು ಮತ್ತೆ ಅವನ ಮೇಜಿಗೆ ಬಂತು. ಎಷ್ಟು ಹುಡುಕಿದರೂ ಅಗಲದ ಹುಳ ಒಂದೂ ಇಲ್ಲ. ಎಲ್ಲ ಹಳೆಯ ತೆಳು ಜಾತಿಯವೇ. ಅನುಮಾನ ಬಂದು, ಜೋಪಾನವಾಗಿಟ್ಟಿದ್ದ ತಾಯಿಯ ಹುಳವನ್ನು ತೆಗೆದು ನೋಡಿದ. ಹುಳದ ಮೇಲೆ ತೆಳುಗಾಜು ಮುಚ್ಚುವಾಗ ಅದು ಜಜ್ಜಿಹೋಗದಂತೆ ಪಕ್ಕದಲ್ಲಿ ಸಣ್ಣ ಗಾಜಿನ ಮಣಿಗಳನ್ನಿಟ್ಟು ಆನಿಸುವುದು ವಾಡಿಕೆ. ಅಲ್ಲಿ ಮಣಿಗಳೇ ಇರಲಿಲ್ಲ. ಅಮ್ಮ ಕಣ್ಣು ಮುಚ್ಚುವುದರೊಳಗೆ ಮುಗಿಸಬೇಕೆಂಬ ಅವಸರದಲ್ಲಿ ಇಡಲು ಮರೆತಿದ್ದ. ತೆಳು ಹುಳವೊಂದನ್ನು ಮಣಿಯಿಲ್ಲದೆ ಮುಚ್ಚಿ ನೋಡಿದ. ಅದೂ ಅಷ್ಟೇ ಅಗಲವಾಯಿತು. ಪಾಪ, ಹೋಗಿ ಗೆಳೆಯನೊಬ್ಬನಿಗೆ ಎಲ್ಲ ಹೇಳಿಕೊಂಡ.

"ಸುಮ್ಮನಿದ್ದುಬಿಡು ಮಾರಾಯ. ಹೆತ್ತ ತಾಯಿಯ ಹೆಸರನ್ನು ಕೈಯಾರೆ ಅಳಿಸುತ್ತೀಯಾ?" ಎಂದ ಆ ಗೆಳೆಯ.

"ಏನು ಮಾಡಲಿ? ಹುಳ ಇದ್ದದ್ದೇ ತೆಳ್ಳಗೆ. ನಾನು ಒತ್ತಿದ್ದನ್ನು ಅದರ ಲಕ್ಷಣ ಎಂದು ಬರೆದುಬಿಟ್ಟೆ."

ಆ ಜಾತಿ ಇಲ್ಲವೇ ಇಲ್ಲ ಎಂದು ಅವನೇ ಲೋಕಕ್ಕೆ ತಿಳಿಸಿದ. ಬರೆಯುವಾಗ ಅತ್ತ. ಆಮೇಲೆ ಯಾವ ಹುಳ ಬಂದರೂ ಮೊದಲು ಮಣಿಗಳನ್ನು ಇಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. "ಎಂಥ ಸಂಕಟ!" ಎಂದು ವಾಮನ ಮರುಗಿದ.

"ನೀನು ಎದುರಿಗೆ ಇಲ್ಲದಾಗ ನಿನ್ನ ತಮ್ಮ ಹೇಗಿರುತ್ತಾನೆ, ವಾಮನ?" ಎಂದರು ಗುರುಗಳು.

ವಾಮನ ಬಾಯಿ ಬಿಡಲಿಲ್ಲ.