ಕಿಟಕಿ ಬದಿಯ ಮಗ್ಗ

"ಅಜ್ಜಾರ, ಅರ್ಧಾ ತಾಸು ಐದು ತಾಸನ್ನ ಹ್ಯಾಂಗ ತಿಂತೈತ್ರಿ?" ಎಂದು ನೀಲಗಂಗಾ ಕೇಳಿದಳು.

ನೀಲಗಂಗಾ ಹತ್ತನೆಯ ತರಗತಿಯ ಹುಡುಗಿ. ಮಠದ ಹಿರಿಯ ಸ್ವಾಮಿಗಳು ದಿನಾ ಸಂಜೆ ಹೇಳಿಕೊಡುವ ಗಣಿತದ ಪಾಠಕ್ಕೆ ಬರುತ್ತಿದ್ದಳು. ಊರಿಗೆಲ್ಲ ಅವರು ಅಜ್ಜಾರು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ ನೂರಕ್ಕೆ ಐವತ್ತೊಂದು ಬಂದಿತ್ತು. ಹೋದ ವರ್ಷ ಎಂಬತ್ತೆಂಟು ಇತ್ತು. ಮಾರ್ಚ್ ಪರೀಕ್ಷೆಯಲ್ಲಿ ಎಂಬತ್ತೈದು ದಾಟಿದರೆ ವಿಜಯಪುರದ ಕಾಲೇಜು, ಇಲ್ಲವಾದರೆ ಓದು ಇಷ್ಟಕ್ಕೇ ಸಾಕು ಎಂದು ಅಪ್ಪ ಹೇಳಿಬಿಟ್ಟಿದ್ದ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾತಿಯವನಲ್ಲ ಅವನು. ಪರೀಕ್ಷೆಗೆ ಇನ್ನು ಐವತ್ತು ದಿನ ಉಳಿದಿದ್ದವು.

ಅಂಕ ಇಳಿದದ್ದಕ್ಕೆ ಅಪ್ಪ ಫೋನನ್ನು ಬಯ್ಯುತ್ತಿದ್ದ. ಅವಳಿಗೆ ಅದು ಒಪ್ಪಿಗೆಯಿರಲಿಲ್ಲ. ಗಣಿತದವಳಲ್ಲವೇ, ಫೋನ್ ನೋಡಿದ ಹೊತ್ತನ್ನೆಲ್ಲ ಪಟ್ಟಿ ಮಾಡಿ ಪುರಾವೆ ಹಿಡಿದೇ ಬಂದಿದ್ದಳು.

"ದಿನಾ ಐದು ತಾಸು ಓದತೇನ್ರಿ. ಕುಂತ ಜಾಗಾ ಬಿಟ್ಟು ಏಳೂದಿಲ್ಲ. ಫೋನು ಟಿಂಗ್ ಅಂದಾಗ ಒಂದೀಟು ನೋಡತೇನಿ, ಗೆಳತ್ಯಾರಿಗೆ ಒಂದು ಮಾತು ಬರೀತೇನಿ, ಇಡತೇನಿ. ಎಲ್ಲಾ ಕೂಡಿಸಿದ್ರೂ ಅರ್ಧಾ ತಾಸು ದಾಟೂದಿಲ್ರಿ."

ಅಜ್ಜಾರು ಅವಳು ಬರೆದ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಕೂಡಿಸಿದ್ದು ಬರೋಬರಿ ಐತಿ" ಎಂದು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಕೈಚಳಕದಲ್ಲಿ ಓಣಿಗೇ ಮೊದಲಿಗ. ಮಗಳ ಮದುವೆ ಗೊತ್ತಾಯಿತು. ಅಂಗಡಿಯ ಸೀರೆ ಬೇಡ, ಅವಳು ನನ್ನ ಮಗ್ಗದ ಸೀರೆ ಉಟ್ಟೇ ಹಸೆಮಣೆ ಏರಬೇಕು ಎಂದು ಹಟ ಹಿಡಿದ. ಮದುವೆಗೆ ಹನ್ನೆರಡು ದಿನವಿತ್ತು. ಕೊಂಡಿಗೆ ಒಂದು ದಿನ, ನೇಯಲು ಏಳು ದಿನ. ಕಾಲು ಚಾಚಿ ಕೂತರೂ ನಾಲ್ಕು ದಿನ ಮಿಗುತ್ತದೆ ಎಂದುಕೊಂಡ.

ಕೊಂಡಿಯೆಂದರೆ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಬೆಸೆಯುವುದು. ಎಳೆಗಳು ಸಾವಿರಾರು. ಒಂದು ತಪ್ಪಿದರೆ ಅದರ ಮುಂದಿನವೆಲ್ಲ ತಪ್ಪು. ಅದಕ್ಕೇ ಆ ಓಣಿಯವರು ಕೊಂಡಿ ಹಾಕುವ ದಿನ ಬೀದಿಯ ಕಿಟಕಿ ಮುಚ್ಚಿಬಿಡುತ್ತಿದ್ದರು. ಇವನು ಮುಚ್ಚಲಿಲ್ಲ.

ಅವನ ಮಗ್ಗ ಕಿಟಕಿಗೆ ಅಂಟಿಕೊಂಡೇ ಇತ್ತು. ಹೋಗುವವರು ಬರುವವರು "ಊಟಾ ಆತೇನ್ರಿ?" ಎನ್ನುವರು. ಉತ್ತರ ಕೊಡದಿದ್ದರೆ ಇವನಿಗೆ ಸೊಕ್ಕು ಬಂತು ಎಂದಾರೆಂಬ ಅಂಜಿಕೆ. "ಆತ್ರಿ, ನಿಮ್ಮದು?" ಎನ್ನುವನು. ಅಷ್ಟೇ, ಎರಡೇ ಮಾತು. ತಲೆ ಬಗ್ಗಿಸಿದರೆ ಯಾವ ಎಳೆಗೆ ಯಾವುದು ಎಂಬುದು ಮರೆತಿರುತ್ತಿತ್ತು. ಮತ್ತೆ ಅಂಚಿನಿಂದ ಎಣಿಸಿಕೊಂಡು ಬರುವನು. ಬಿಟ್ಟ ಜಾಗ ಸಿಗುವ ಹೊತ್ತಿಗೆ ಕಿಟಕಿಯಲ್ಲಿ ಇನ್ನೊಂದು ಮುಖ.

ಒಂದು ದಿನದ ಕೊಂಡಿ ಆರು ದಿನ ಹಿಡಿಯಿತು. ಹೆಂಡತಿಗೆ ತಡೆಯಲಾಗಲಿಲ್ಲ. "ಆ ಕಿಟಕಿ ಒಂದೀಟು ಮುಚ್ಚಬಾರದ?" ಎಂದಳು.

ನೇಕಾರನಿಗೆ ಸಿಟ್ಟು ನೆತ್ತಿಗೇರಿತು. "ನಾ ಮಗ್ಗಾ ಬಿಟ್ಟು ಎದ್ದೇನೇನ? ಒಂದೊಂದು ಮಾತು ಆಡೇನಿ, ಅಷ್ಟ!"

"ಕುಂಬಾರಗ ವರುಷ, ದೊಣ್ಣಿಗೆ ನಿಮಿಷ" ಎಂದು ಅವಳು ಒಳಗೆ ಹೋದಳು.

ನೇಯಲು ಉಳಿದದ್ದು ಆರೇ ದಿನ. ಎಷ್ಟು ಬಡಿದುಕೊಂಡರೂ ಏಳು ದಿನದ ಕೆಲಸ ಆರರಲ್ಲಿ ಮುಗಿಯಲಿಲ್ಲ. ಮದುವೆಯ ದಿನ ಸೀರೆ ಮಗ್ಗದ ಮೇಲೇ ಇತ್ತು. ಅಕ್ಕಿಕಾಳು ಬೀಳುವಾಗ ಮಗಳು ನೆರೆಮನೆಯವರ ಸೀರೆಯಲ್ಲಿ ನಿಂತಿದ್ದಳು. ಅಪ್ಪನಿಗೆ ಅವಳು ಒಂದು ಮಾತೂ ಅನ್ನಲಿಲ್ಲ, ಮುಖ ನೋಡಿ ನಕ್ಕಳು. ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಕಿಟಕಿಯಲ್ಲಿ ಊಟ ವಿಚಾರಿಸಿದವರೆಲ್ಲ ಬಂದು ಹೊಟ್ಟೆ ಬಿರಿಯುವಂತೆ ಉಂಡು ಹೋದರು.

ಇಷ್ಟು ಹೇಳಿ ಅಜ್ಜಾರು ಪಟ್ಟಿಯನ್ನು ಅವಳ ಕೈಗೆ ಮರಳಿಸಿದರು. ನೀಲಗಂಗಾಳಿಗೆ ಆ ಮಗಳ ನಗು ಎದೆಯಲ್ಲಿ ಚುಚ್ಚುತ್ತಿತ್ತು. ಕತೆ ಅಲ್ಲಿಗೇ ನಿಲ್ಲುವುದು ಅವಳಿಗೆ ಬೇಡವಾಗಿತ್ತು.

"ಆಮ್ಯಾಲಾದ್ರೂ ಅಂವಾ ಕಿಟಕಿ ಮುಚ್ಚಿದನೇನ್ರಿ?" ಎಂದು ಕೇಳಿದಳು.

"ಮುಚ್ಚಿದ, ತಂಗೀ. ಮಗಳು ಗಂಡನ ಮನಿಗೆ ಹೋದ ಮ್ಯಾಲೆ."

ನೀಲಗಂಗಾ ಪಟ್ಟಿಯನ್ನು ಮಡಚಿಟ್ಟು ಫೋನನ್ನು ಆರಿಸಿದಳು.