ಉಸ್ತಾದ್ ಬಗ್ಗಿಸಿದ ಪೈಪು

"ಗುರುಗಳೇ, ಮನಸ್ಸನ್ನು ಇನ್ನೂ ಎಷ್ಟು ಗಟ್ಟಿ ಮಾಡಿಕೊಳ್ಳಬೇಕು?" ಎಂದು ಶಿಷ್ಯ ರೇವಯ್ಯ ಕೇಳಿದ.

ಅವನು ಮಠ ಸೇರಿ ಹನ್ನೊಂದು ವರ್ಷವಾಗಿತ್ತು. ಮನೆ ಬಿಟ್ಟು ಬಂದ ಗುರುಗಳು ಮತ್ತೆ ಆ ಕಡೆ ತಲೆ ಹಾಕಿದವರಲ್ಲ. ಆದ್ದರಿಂದ ಅವನೂ ಹಾಕಿರಲಿಲ್ಲ. ತಾಯಿಯಿಲ್ಲದ ಅವನನ್ನು ಎತ್ತಿ ಬೆಳೆಸಿದ ಅಕ್ಕ ಮೂರು ಸಲ ಹೇಳಿಕಳಿಸಿದ್ದಳು. ಈಗ ಹಾಸಿಗೆ ಹಿಡಿದಿದ್ದಳು. ಒಮ್ಮೆ ಮುಖ ತೋರಿಸಿ ಹೋಗು ಎಂದು ನಾಲ್ಕನೆಯ ಸಲ ಹೇಳಿಕಳಿಸಿದ್ದಳು. ಹೋಗಬಾರದೆಂದು ರೇವಯ್ಯ ಹಲ್ಲು ಕಚ್ಚಿ ಕೂತಿದ್ದ. ಆದರೆ ಜಪಕ್ಕೆ ಕೂತಾಗಲೆಲ್ಲ ಮನಸ್ಸು ಅವಳ ಹತ್ತಿರಕ್ಕೇ ಓಡುತ್ತಿತ್ತು.

ಗುರುಗಳು ಅವನಿಗೆ ಕೂರಲು ಹೇಳಿದರು. "ನನಗೆ ಗಾಡಿ ಬಿಡಲು ಬರುವುದಿಲ್ಲ. ಆದರೂ ಒಂದು ಗಾಡಿಯ ಕತೆ ಹೇಳುತ್ತೇನೆ. ಎಲ್ಲಾದರೂ ತಪ್ಪಿದರೆ ನಗಬೇಡ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೆಲಸ ಕಲಿಸಿದ ಉಸ್ತಾದ್ ಎಂದರೆ ಅವನಿಗೆ ದೇವರು. ಉಸ್ತಾದ್ ತೀರಿಹೋಗಿ ಎಷ್ಟೋ ವರ್ಷವಾದರೂ, ದಿನಾ ಗ್ಯಾರೇಜಿನ ಬಾಗಿಲು ತೆಗೆದ ಕೂಡಲೇ ಆತ ಬೋಲ್ಟು ಬಿಚ್ಚಲು ಬಳಸುತ್ತಿದ್ದ ಪಾನಾಗಳಿಗೆ ಕೈ ಮುಗಿದೇ ಕೆಲಸಕ್ಕೆ ಇಳಿಯುತ್ತಿದ್ದ. ಅದೇ ಊರಿನ ಆಸ್ಪತ್ರೆಯಲ್ಲಿ ಒಂದು ಹಳೆಯ ವ್ಯಾನು ಇತ್ತು. ತಾನೇ ಗೇರು ಬದಲಿಸಿಕೊಳ್ಳುವ ಗಾಡಿ. ಯಾವುದೋ ದೇಶದವರು ಅದನ್ನು ದಾನ ಕೊಟ್ಟು ಪುಣ್ಯ ಕಟ್ಟಿಕೊಂಡಿದ್ದರು. ಬಿಡಿಭಾಗ ಸಿಗದ ಫಜೀತಿ ಈ ಊರಿನವರ ಪಾಲಿಗೆ ಬಂದಿತ್ತು. ಕಣಿವೆಯ ಹಳ್ಳಿಗಳಿಂದ ಬಸುರಿಯರನ್ನು ಕೂರಿಸಿಕೊಂಡು, ಏರು ಹತ್ತಿ, ಆಸ್ಪತ್ರೆ ಮುಟ್ಟಿಸಲು ಇದ್ದದ್ದು ಅದೊಂದೇ ಗಾಡಿ.

ಅಂಥ ಗಾಡಿಯ ಗೇರ್ ಬಾಕ್ಸಿನಲ್ಲಿ ಎಣ್ಣೆ ಇರುತ್ತದೆ. ಏರು ಹತ್ತುವಾಗ ಅದು ಕಾಯುತ್ತದೆ. ಕಾದ ಎಣ್ಣೆಯನ್ನು ಮುಂದಿನ ರೇಡಿಯೇಟರಿಗೆ ಒಯ್ಯಲು ಒಂದು, ತಣ್ಣಗಾದದ್ದನ್ನು ಹಿಂದಕ್ಕೆ ತರಲು ಒಂದು, ಹೀಗೆ ಕಿರುಬೆರಳು ಗಾತ್ರದ ಎರಡು ಉಕ್ಕಿನ ಪೈಪುಗಳು ಗಾಡಿಯ ಕೆಳಗೆ ಹಾದುಹೋಗಿರುತ್ತವೆ. ಪೈಪು ತೂತಾದರೆ ಎಣ್ಣೆ ಸೋರುತ್ತದೆ. ಎಣ್ಣೆ ಖಾಲಿಯಾದರೆ ಎಂಜಿನ್ ಎಷ್ಟು ಅರಚಿಕೊಂಡರೂ ಗಾಲಿ ಕದಲುವುದಿಲ್ಲ.

ಆ ಪೈಪುಗಳನ್ನು ಬಹಳ ಹಿಂದೆ ಉಸ್ತಾದ್ ತನ್ನ ಕೈಯಾರೆ ಬಗ್ಗಿಸಿ ಹಾಕಿದ್ದ. ಇಪ್ಪತ್ತು ವರ್ಷ ಬಾಳಿದವು. ಆಮೇಲೆ ಒಂದು ತೂತಾಯಿತು. ಮೆಕ್ಯಾನಿಕ್ ಅದನ್ನು ಬಿಚ್ಚಿ, ತೊಳೆದು ಒರೆಸಿ, ಅಳತೆಗೆಂದು ಗೋಡೆಗೆ ತೂಗುಹಾಕಿದ. ಬಗ್ಗಿಸುವಾಗ ನಜ್ಜಾಗಬಾರದೆಂದು ಹೊಸ ಪೈಪಿನೊಳಗೆ ಮರಳು ತುಂಬಿದ. ಹಳೆಯದಕ್ಕೂ ಹೊಸದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಬಗ್ಗಿಸಿದ. ನಡುವೆ ಒಂದು ಕಡೆ ಉಸ್ತಾದನ ಪೈಪು ನೇರ ದಾರಿ ಬಿಟ್ಟು ಕೆಳಗಿಳಿದು, ಸುತ್ತು ಹಾಕಿ, ಮತ್ತೆ ಮೇಲೇರಿತ್ತು. ಯಾಕೆಂದು ಅವನು ಕೇಳಿಕೊಳ್ಳಲಿಲ್ಲ. ಆ ಬಾಗನ್ನಂತೂ ಉಳಿದವಕ್ಕಿಂತ ಹೆಚ್ಚು ಭಕ್ತಿಯಿಂದ ಮಾಡಿದ.

ನಾಲ್ಕು ತಿಂಗಳಿಗೆ ಆ ಪೈಪು ಅದೇ ಬಾಗಿನಲ್ಲಿ ತೂತಾಯಿತು. ತಾನು ತಂದ ಪೈಪು ತೆಳುವಾಯಿತು ಎಂದುಕೊಂಡ. ಪಟ್ಟಣಕ್ಕೆ ಹೋಗಿ ದಪ್ಪದ್ದು ತಂದ. ಅದು ಬಗ್ಗಲೊಲ್ಲದು, ಇವನು ಬಿಡಲೊಲ್ಲ. ಎರಡು ದಿನ ಗುದ್ದಾಡಿ, ಅಂಗೈ ತುಂಬ ಗುಳ್ಳೆ ಎಬ್ಬಿಸಿಕೊಂಡು, ಅದನ್ನೂ ಹಾಗೆಯೇ ಬಗ್ಗಿಸಿ ಹಾಕಿದ. ಐದು ತಿಂಗಳು ಬಂತು. ಬಾಗು ತೆಗೆದು ನೋಡು ಎಂದು ಪಕ್ಕದ ಗ್ಯಾರೇಜಿನವನು ಹೇಳಿದರೆ ಅವನ ಮೇಲೇ ಹರಿಹಾಯ್ದ. ಉಸ್ತಾದನ ಕೈ ತಪ್ಪುವುದುಂಟೆ? ತಪ್ಪಿದ್ದರೆ ತನ್ನ ಕೈಯೇ ತಪ್ಪಿರಬೇಕು. ಮೂರನೆಯ ಪೈಪಿನ ಬಾಗಿಗೆ ರಬ್ಬರು ಸುತ್ತಿ, ಮೇಲೆ ತಂತಿ ಬಿಗಿದ.

ಆ ಸಲ ವ್ಯಾನು ಏರಿನ ನಡುವೆಯೇ ನಿಂತುಬಿಟ್ಟಿತು. ಒಳಗೆ ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಗಳಿದ್ದಳು. ಜೊತೆಗಿದ್ದ ನರ್ಸು ರಸ್ತೆಯ ಬದಿಯಲ್ಲೇ ಹೆರಿಗೆ ಮಾಡಿಸಿದಳು. ತಾಯಿ, ಕೂಸು ಇಬ್ಬರೂ ಉಳಿದದ್ದು ಅವಳ ಕೈಗುಣದಿಂದ.

ಮರುದಿನ ಬೆಳಿಗ್ಗೆ ಆ ನರ್ಸು ಗ್ಯಾರೇಜಿಗೆ ಬಂದಳು. ಬೈಯಲಿಲ್ಲ. ಕಣಿವೆಯ ಕೊನೆಯ ಹಳ್ಳಿಯಲ್ಲಿ ಇನ್ನೊಬ್ಬಳಿದ್ದಾಳೆ, ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ಆಪರೇಷನ್ನೇ ಆಗಬೇಕು, ನಾಡಿದ್ದು ಕರೆತರಬೇಕು ಎಂದಷ್ಟೇ ಹೇಳಿದಳು. ಅವಳನ್ನು ರಸ್ತೆಯಲ್ಲಿ ಹೆರಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಮೆಕ್ಯಾನಿಕ್ಕಿಗೆ ಹಟ ಏರಿತು. ಈ ಸಲ ಇದು ತೂತಾದರೆ ಇನ್ನು ಪಾನಾ ಮುಟ್ಟುವುದಿಲ್ಲ ಎಂದು ಆಣೆ ಮಾಡಿಕೊಂಡು, ಗೋಡೆಯ ಮೇಲಿನ ಪೈಪನ್ನು ಮತ್ತೆ ಕೆಳಗಿಳಿಸಿದ. ಇನ್ನೂ ದಪ್ಪ ಪೈಪು ತರಬೇಕು, ಇನ್ನೂ ಕರಾರುವಾಕ್ಕಾಗಿ ಬಗ್ಗಿಸಬೇಕು. ಅವನಿಗೆ ಹೊಳೆದದ್ದು ಅದೊಂದೇ.

ನರ್ಸು ಆ ಪೈಪನ್ನೇ ನೋಡುತ್ತ ನಿಂತಿದ್ದಳು. "ಇಲ್ಲಿ ಯಾಕ ಹಿಂಗ ಸುತ್ತು ಹಾಕೇತಿ ಇದು?" ಎಂದಳು.

"ಅದು ಉಸ್ತಾದ್ರು ಬಗ್ಗಿಸಿದ್ದು, ಸಿಸ್ಟರ್. ಸುಮ್ಮಸುಮ್ಮನ ಬಗ್ಗಿಸೋರಲ್ಲ ಅವರು."

"ಖರೇ ಅದ, ಸುಮ್ಮನ ಯಾರು ಬಗ್ಗಸ್ತಾರ? ಹಂಗಾರ ಅಲ್ಲಿ ಏನರೆ ಅಡ್ಡ ಇದ್ದಿರಬೇಕಲ್ಲ ಅಣ್ಣಾ. ಏನಿತ್ತು?"

ಮೆಕ್ಯಾನಿಕ್ ಪೈಪನ್ನು ಕೆಳಗಿಟ್ಟ. ಮೂರು ಸಲ ಆ ಗಾಡಿಯ ಕೆಳಗೆ ಮಲಗಿದ್ದ. ಮೂರು ಸಲವೂ ಪೈಪನ್ನಷ್ಟೇ ನೋಡಿದ್ದ. ಈಗ, ಎಳೆದು ತಂದು ನಿಲ್ಲಿಸಿದ್ದ ವ್ಯಾನಿನ ಕೆಳಗೆ ಬರಿಗೈಯಲ್ಲಿ ನುಗ್ಗಿದ. ಬಾಗು ಇದ್ದ ಜಾಗದಲ್ಲಿ, ಗಾಡಿಯ ಉದ್ದಕ್ಕೂ ಇರುವ ಚಾಸಿಯ ಕಬ್ಬಿಣಕ್ಕೆ ನಾಲ್ಕು ಬೋಲ್ಟಿನ ತೂತುಗಳಿದ್ದವು. ಮಣ್ಣು ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದು ನೋಡಿದ. ಆಗ ನೆನಪಾಯಿತು. ಉಸ್ತಾದನ ಕಾಲದಲ್ಲಿ ಅಲ್ಲಿ ಇನ್ನೊಂದು ಬ್ಯಾಟರಿ ಕೂರಿಸುವ ಕಬ್ಬಿಣದ ತಟ್ಟೆ ಇತ್ತು. ಪೈಪು ನೇರ ಹೋಗಲು ದಾರಿಯೇ ಇರಲಿಲ್ಲ. ಉಸ್ತಾದ್ ಅದನ್ನು ತಟ್ಟೆಯ ಸುತ್ತ ಬಳಸಿ ತಂದು, ಆ ತಟ್ಟೆಗೇ ಕ್ಲಿಪ್ಪು ಹಾಕಿ ಬಿಗಿದಿದ್ದ. ಆತ ತೀರಿಹೋಗಿ ಎಷ್ಟೋ ವರ್ಷದ ಮೇಲೆ, ಹಳೆಯ ಪೈಪು ತೂತಾಗುವ ಕೆಲವೇ ತಿಂಗಳ ಮುಂಚೆ, ಯಾರೋ ಆ ಬ್ಯಾಟರಿಯನ್ನು ಬೇರೆ ಕಡೆ ಇಟ್ಟು ತಟ್ಟೆ ಕಿತ್ತುಹಾಕಿದ್ದರು. ಅಂದಿನಿಂದ ಆ ಬಾಗು ಹಿಡಿತವಿಲ್ಲದೆ ಜೋತಾಡುತ್ತಿತ್ತು. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಚಾಸಿಯ ಅಂಚಿಗೆ ಉಜ್ಜಿ ಉಜ್ಜಿ ಸವೆಯುತ್ತಿತ್ತು. ಇಲ್ಲದ ತಟ್ಟೆಯನ್ನು ಬಳಸಿ ಹೋಗಲೆಂದು ಅವನು ಮೂರು ಪೈಪು ಬಗ್ಗಿಸಿ ಹಾಕಿದ್ದ.

ಮಧ್ಯಾಹ್ನ ಹೊಸ ಪೈಪು ಕೈಗೆತ್ತಿಕೊಂಡ. ನೇರ ಹಾಯಿಸಬೇಕೆಂದು ಗೊತ್ತಿತ್ತು, ಕೈ ಬರಲಿಲ್ಲ. ಉಸ್ತಾದನ ಎದುರು ಕಾಲು ಚಾಚಿ ಕೂತಷ್ಟು ಸಂಕಟವಾಯಿತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡ. ಪೈಪನ್ನು ಚಾಸಿಯ ಉದ್ದಕ್ಕೆ ನೇರವಾಗಿ ಹಾಯಿಸಿ, ಗೇಣಿಗೊಂದು ಕ್ಲಿಪ್ಪು ಹಾಕಿ ಬಿಗಿದ. ಅದರ ಜೋಡಿ ಪೈಪನ್ನೂ ಹಾಗೆಯೇ ಬದಲಿಸಿದ. ಹೊಸ ಎಣ್ಣೆ ತುಂಬಿ, ಸಂಜೆಯವರೆಗೆ ಕಲ್ಲು ಗುಂಡಿಗಳ ಮೇಲೆ ತಾನೇ ಗಾಡಿ ಓಡಿಸಿ, ಕೆಳಗೆ ತೂರಿ ತೂರಿ ನೋಡಿದ. ನರ್ಸು ಹೇಳಿದ್ದ ದಿನ ಕಣಿವೆಗೆ ತಾನೂ ಹೋದ. ಬಸುರಿಯನ್ನು ಕೂರಿಸಿಕೊಂಡು ವ್ಯಾನು ಏರು ಹತ್ತುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಿನ ರಸ್ತೆ ನೋಡುತ್ತಲೇ ಇದ್ದ. ಒಂದು ಹನಿ ಎಣ್ಣೆಯೂ ಬಿದ್ದಿರಲಿಲ್ಲ. ಆಸ್ಪತ್ರೆಯ ಒಳಗಿನಿಂದ ಕೂಸಿನ ಅಳು ಕೇಳಿದ ಮೇಲೆಯೇ ಅವನು ಮೆಟ್ಟಿಲು ಇಳಿದದ್ದು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಉಸ್ತಾದ್ ಬಗ್ಗಿಸಿದ್ದೇ ತಪ್ಪೇ, ಗುರುಗಳೇ?" ಎಂದು ರೇವಯ್ಯ ಕೇಳಿದ.

"ತಪ್ಪಲ್ಲ. ಆಗ ತಟ್ಟೆ ಇತ್ತು. ನಾನು ತಿರುಗಿ ಹೋಗಲಿಲ್ಲ, ಯಾಕೆಂದರೆ ಮನೆ ಬಿಟ್ಟು ಬಂದಾಗ ಅಲ್ಲಿ ಯಾರೂ ಉಳಿದಿರಲಿಲ್ಲಪ್ಪ."